ಪ್ರೋಗ್ರೆಸಿವ್ ರಾಕ್ ಅಂದ್ರೆ ಬರೀ ಇಂಗ್ಲೆಂಡ್ ಅಲ್ಲ

ಪ್ರೋಗ್ರೆಸಿವ್ ರಾಕ್ ಕೇಳುವವರ ಹತ್ತಿರ ಸುಮ್ನೆ ನಾಲ್ಕು ಹೆಸರು ಹೇಳಿ ಅಂದು ನೋಡಿ. ಪಿಂಕ್ ಫ್ಲಾಯ್ಡ್, ಜೆನೆಸಿಸ್, ಯೆಸ್, ಜೆತ್ರೋ ಟಲ್. ಇನ್ನೂ ಸ್ವಲ್ಪ ಒಳಗೆ ಇಳಿದವರಾದರೆ ಕಿಂಗ್ ಕ್ರಿಮ್ಸನ್ ಅಂತಾರೆ. ಎಲ್ಲವೂ ಇಂಗ್ಲೆಂಡಿನವು. ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಹಳೇ ಅಭಿಮಾನಿಗಳಿದ್ದಾರೆ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಇಲ್ಲಿಗೆ ಬಂದು ಹಾಡಿದ್ದನ್ನು ಈಗಲೂ ಮಾತಾಡುತ್ತಾರೆ. ಆದರೆ ಅವರಲ್ಲೂ ಜಾಸ್ತಿ ಜನ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಆಚೆ ದಡಕ್ಕೆ ಹೋಗಿಲ್ಲ.

ಆಚೆ ದಡದಲ್ಲಿ ಇರುವುದು ಸಣ್ಣಪುಟ್ಟ ನಕಲಲ್ಲ. 1970ರ ದಶಕದಲ್ಲಿ ಇಟಲಿ, ಫ್ರಾನ್ಸ್, ಪೋಲೆಂಡ್, ರುಮೇನಿಯಾ, ಸ್ಪೇನ್ ಎಲ್ಲ ಕಡೆ ಹುಡುಗರು ಈ ಸಂಗೀತ ಹಿಡಿದರು. ಅಚ್ಚು ಇಂಗ್ಲೆಂಡಿನದು, ಅದಕ್ಕೆ ಸುರಿದ ಎರಕ ಮಾತ್ರ ಅವರವರ ಊರಿನದು. ತಮ್ಮ ಭಾಷೆ, ತಮ್ಮ ಜಾನಪದ ಲಯ, ತಮ್ಮ ರಾಜಕೀಯದ ಸಂಕಟ. ನನ್ನ ಕೇಳಿದರೆ, ಯಾವ ತಂಡ ತನ್ನ ಭಾಷೆಯನ್ನೂ ತನ್ನ ನೆಲದ ತಾಳವನ್ನೂ ಬಿಡಲಿಲ್ಲವೋ ಅದರ ಸಂಗೀತವೇ ಇವತ್ತಿಗೂ ಹಳಸದೆ ಉಳಿದಿದೆ. ಯಾಕೆ ಹಾಗನಿಸುತ್ತದೆ ಅಂತ ಹೇಳುವ ಮೊದಲು ಈ ಸಂಗೀತದ ಒಳಗೇನಿದೆ ನೋಡೋಣ.

ಮೂರು ನಿಮಿಷ ಸಾಲದು ಅಂದವರು

1960ರ ದಶಕದ ರಾಕ್ ಹಾಡು ಅಂದರೆ ಸುಮಾರು ಮೂರು ನಿಮಿಷ. ಚರಣ, ಪಲ್ಲವಿ, ಚರಣ, ಪಲ್ಲವಿ, ನಡುವೆ ಒಂದು ಗಿಟಾರ್. ರೇಡಿಯೋಗೂ ಸಣ್ಣ ಸಿಂಗಲ್ ರೆಕಾರ್ಡಿಗೂ ಅಷ್ಟೇ ಬೇಕಿತ್ತು. ಎಲ್‌ಪಿ ರೆಕಾರ್ಡು ಜನಪ್ರಿಯವಾದ ಮೇಲೆ ಲೆಕ್ಕ ಬದಲಾಯಿತು. ಅದರ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷ, ಇನ್ನೂ ಸ್ವಲ್ಪ ಜಾಸ್ತಿಯೂ ಹಿಡಿಯುತ್ತಿತ್ತು. ಇಷ್ಟು ಜಾಗ ಇದ್ದಮೇಲೆ ಹಾಡನ್ನು ಯಾಕೆ ಮೊಟಕು ಮಾಡಬೇಕು?

1972ರಲ್ಲಿ ಯೆಸ್ ತಂಡ 'ಕ್ಲೋಸ್ ಟು ದಿ ಎಡ್ಜ್' ಅನ್ನುವ ಒಂದೇ ರಚನೆಗೆ ಇಡೀ ಬದಿ ಕೊಟ್ಟಿತು. ಅದೇ ವರ್ಷ ಜೆತ್ರೋ ಟಲ್ 'ಥಿಕ್ ಆ್ಯಸ್ ಎ ಬ್ರಿಕ್' ಆಲ್ಬಂನಲ್ಲಿ ಎರಡೂ ಬದಿ ಸೇರಿಸಿ ಒಂದೇ ಹಾಡು ಮಾಡಿತು. ರೆಕಾರ್ಡು ಮಗುಚುವುದಕ್ಕಾಗಿ ಮಾತ್ರ ನಡುವೆ ನಿಲುಗಡೆ.

ಉದ್ದ ಇದ್ದ ಮಾತ್ರಕ್ಕೆ ಪ್ರೋಗ್ (ಪ್ರೋಗ್ರೆಸಿವ್ ರಾಕ್‌ಗೆ ಅಭಿಮಾನಿಗಳ ಚಿಕ್ಕ ಹೆಸರು) ಆಗಲ್ಲ. ಈ ಉದ್ದದ ಒಳಗೆ ಹಾಡು ಬೇರೆ ಬೇರೆ ಭಾಗಗಳಾಗಿ ಬೆಳೆಯುತ್ತದೆ. ಮೊದಲು ಕೇಳಿಸಿದ ಒಂದು ಸಣ್ಣ ರಾಗದ ತುಣುಕು ಹತ್ತು ನಿಮಿಷ ಬಿಟ್ಟು ಬೇರೆ ವೇಗದಲ್ಲಿ, ಬೇರೆ ವಾದ್ಯದಲ್ಲಿ ವಾಪಸ್ಸು ಬರುತ್ತದೆ. ಯುರೋಪಿನ ಶಾಸ್ತ್ರೀಯ ಸಂಗೀತದವರು ನೂರಾರು ವರ್ಷದಿಂದ ಮಾಡಿಕೊಂಡು ಬಂದಿದ್ದ ಕೆಲಸ ಇದು. ರಾಕ್ ಹುಡುಗರು ಅದಕ್ಕೆ ಡ್ರಮ್ಸು, ಆಂಪ್ಲಿಫೈಯರ್ ಸೇರಿಸಿದರು.

ಎರಡನೇ ವಿಷಯ ಲೆಕ್ಕ. ಇಲ್ಲಿ ನಮ್ಮ ಕಿವಿಗೆ ಒಂದು ಅನುಕೂಲ ಇದೆ. ಸಾಮಾನ್ಯ ರಾಕ್ ಹಾಡು ನಾಲ್ಕರ ಎಣಿಕೆಯಲ್ಲಿ ಓಡುತ್ತದೆ. ಪ್ರೋಗ್ ತಂಡಗಳು ಐದು, ಏಳು, ಒಂಬತ್ತು, ಹನ್ನೊಂದು ಅಂತ ಎಣಿಸುತ್ತವೆ. ಇದೇ ಕಾರಣಕ್ಕೆ ಪಶ್ಚಿಮದ ಕೇಳುಗರಿಗೆ ಇದು ಕಷ್ಟದ ಸಂಗೀತ ಅನಿಸಿತು. ಕರ್ನಾಟಕ ಸಂಗೀತದಲ್ಲಿ ಖಂಡ ಛಾಪು, ಮಿಶ್ರ ಛಾಪು ಕೇಳಿ ಬೆಳೆದವರಿಗೆ ಐದು, ಏಳು ಏನು ಮಹಾ, ಅಲ್ವಾ? ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಕಿ ಕೈಯಲ್ಲಿ ತಾಳ ಹಾಕಿ ನೋಡಿ. ನಾಣ್ಯಗಳ ಸದ್ದು ಮುಗಿದು ಬೇಸ್ ಗಿಟಾರ್ ಶುರುವಾಗುತ್ತಲೇ ಏಳರ ಆವರ್ತ ಸಿಗುತ್ತದೆ. ಒತ್ತು ಬೀಳುವ ಜಾಗ ಮಿಶ್ರ ಛಾಪಿನ ಹಾಗಿಲ್ಲ, ಎಣಿಕೆ ಮಾತ್ರ ಅದೇ ಏಳು. ಸ್ಯಾಕ್ಸೊಫೋನ್ ಏಳರಲ್ಲೇ ನುಡಿಯುತ್ತದೆ. ಗಿಟಾರ್ ಸರದಿ ಬಂದಾಗ ಹಾಡು ಇದ್ದಕ್ಕಿದ್ದಂತೆ ನಾಲ್ಕಕ್ಕೆ ಜಾರುತ್ತದೆ. ಎಣಿಸದೆ ಕೇಳಿದವರಿಗೂ ಆ ಕ್ಷಣ ಏನೋ ಸಡಿಲವಾದಂತೆ ಅನಿಸುತ್ತದೆ. ಅದು ಲೆಕ್ಕದ ಕೈವಾಡ.

ಮೂರನೆಯದು ವಾದ್ಯ. ಹ್ಯಾಮಂಡ್ ಆರ್ಗನ್, ಮೂಗ್ ಸಿಂಥಸೈಜರ್, ಕೊಳಲು, ಪಿಟೀಲು ಎಲ್ಲ ಇವೆ. ಆದರೆ ಈ ಸಂಗೀತದ ನಿಜವಾದ ಗುರುತು ಮೆಲೊಟ್ರಾನ್. ನೋಡುವುದಕ್ಕೆ ದಪ್ಪ ಹಾರ್ಮೋನಿಯಂ ಥರ ಇರುವ ಮರದ ಪೆಟ್ಟಿಗೆ. ಅಮೆರಿಕದ ಚೇಂಬರ್ಲಿನ್ ಅನ್ನುವ ಯಂತ್ರದ ಮಾದರಿ ಇಟ್ಟುಕೊಂಡು 1963ರ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದನ್ನು ಮಾಡತೊಡಗಿದರು. ಪ್ರತಿ ಕೀಲಿಯ ಕೆಳಗೆ ಒಂದೊಂದು ಟೇಪಿನ ತುಂಡು. ಅದರಲ್ಲಿ ನಿಜವಾದ ಪಿಟೀಲಿನದೋ ಕೊಳಲಿನದೋ ಒಂದೇ ಸ್ವರದ ರೆಕಾರ್ಡಿಂಗ್. ಕೀಲಿ ಒತ್ತಿದರೆ ಟೇಪು ಓಡುತ್ತದೆ, ಸ್ವರ ಕೇಳಿಸುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದೇ ಹೋಗುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ನುಡಿಸುವವನು ಎಂಟು ಸೆಕೆಂಡಿನೊಳಗೆ ಸ್ವರ ಬದಲಿಸಲೇಬೇಕು. ಟೇಪು ಎಳೆಯುವ ಮೋಟಾರು ಒಂದೇ ಸಮ ಓಡುವುದೂ ಇಲ್ಲ, ಶ್ರುತಿ ಸ್ವಲ್ಪ ಅಲುಗಾಡುತ್ತದೆ. ಆ ಅಲುಗಾಟವೇ ಮುಂದೆ ಜನಕ್ಕೆ ಇಷ್ಟವಾಗಿಬಿಟ್ಟಿತು. ಆರ್ಕೆಸ್ಟ್ರಾ ದೂರದಲ್ಲೆಲ್ಲೋ ನೀರಿನಡಿ ನುಡಿಯುತ್ತಿದೆಯೇನೋ ಅನ್ನುವಂಥ ದನಿ ಅದು.

ಈ ಮೂರನ್ನೂ ಒಟ್ಟಿಗೆ ಗಟ್ಟಿಯಾಗಿ ಸಾರಿದ ಆಲ್ಬಂ ಅಂದರೆ 1969ರ ಅಕ್ಟೋಬರ್‌ನಲ್ಲಿ ಬಂದ ಕಿಂಗ್ ಕ್ರಿಮ್ಸನ್‌ನ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್'. ಅದೇ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ನಡೆಸಿದ ಉಚಿತ ಕಾರ್ಯಕ್ರಮದಲ್ಲಿ ಈ ತಂಡವೂ ನುಡಿಸಿತ್ತು. ಇಂಗ್ಲೆಂಡಿನ ಕಥೆ ಇಷ್ಟು ಸಾಕು. ಅದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಇಟಲಿ: ಪಲ್ಲವಿಯಲ್ಲಿ ಮಾತೇ ಇಲ್ಲ

ಇಂಗ್ಲೆಂಡಿನ ತಂಡಗಳಿಗೆ ಇಂಗ್ಲೆಂಡಿಗಿಂತ ಮೊದಲು ಮನೆಯಂಗಳ ಕೊಟ್ಟ ದೇಶ ಇಟಲಿ. ವ್ಯಾನ್ ಡರ್ ಗ್ರಾಫ್ ಜನರೇಟರ್ ಅನ್ನುವ ತಂಡ ತನ್ನ ದೇಶದಲ್ಲಿ ಅಷ್ಟಕ್ಕಷ್ಟೇ. ಅದರ 1971ರ 'ಪಾನ್ ಹಾರ್ಟ್ಸ್' ಇಟಲಿಯಲ್ಲಿ ಮಾರಾಟದ ಪಟ್ಟಿಯ ತುದಿಗೇರಿತು. ಅದರಲ್ಲಿ ಒಂದು ರಚನೆಯೇ 23 ನಿಮಿಷ, ಲೈಟ್‌ಹೌಸ್ ಕಾಯುವ ಒಂಟಿ ಮನುಷ್ಯನ ತಲೆಕೆಡುವ ಕಥೆ. ಇಂಥದ್ದು ಒಂದು ದೇಶದ ನಂಬರ್ ಒನ್ ಆಗುತ್ತದೆ ಅಂದರೆ ಯೋಚನೆ ಮಾಡಿ. ಜೆನೆಸಿಸ್‌ಗೂ ಮೊದಲ ಸಲ ದೊಡ್ಡ ಜನಸಂದಣಿ ಸಿಕ್ಕಿದ್ದು 1972ರ ಇಟಲಿ ಪ್ರವಾಸದಲ್ಲಿ.

ಯಾಕೆ ಇಟಲಿ? ಉದ್ದನೆಯ ಕಥೆಯನ್ನು ಗಟ್ಟಿ ದನಿಯಲ್ಲಿ ಹಾಡಿ ಹೇಳುವುದು ಒಪೆರಾದ ನಾಡಿಗೆ ಹೊಸತಲ್ಲ. ಸಂಗೀತ ಶಾಲೆಗಳಲ್ಲಿ ಪಿಯಾನೋ, ಪಿಟೀಲು ಕಲಿತು ಬಂದ ಹುಡುಗರು ಊರೂರಲ್ಲಿದ್ದರು. ಮೂರು ನಿಮಿಷದ ಪ್ರೇಮಗೀತೆ ಹಾಡಿ ಹಾಡಿ ಅವರಿಗೂ ಸಾಕಾಗಿತ್ತು.

ಮಿಲಾನಿನ ಪ್ರೆಮಿಯಾಟಾ ಫೋರ್ನೇರಿಯಾ ಮಾರ್ಕೋನಿ ಇವರಲ್ಲಿ ಮುಂದಿನವರು. ಅಷ್ಟು ಉದ್ದ ಹೇಳಲಾಗದೆ ಎಲ್ಲರೂ ಪಿಎಫ್ಎಂ ಅಂತಾರೆ. ಹೆಸರು ಒಂದು ಬೇಕರಿಯದು. ಅವರ ಮೊದಲ ಆಲ್ಬಂ 'ಸ್ಟೋರಿಯಾ ದಿ ಉನ್ ಮಿನುತೋ' 1972ರಲ್ಲಿ ಬಂತು. ಅದರಲ್ಲಿರುವ 'ಇಂಪ್ರೆಸಿಯೋನಿ ದಿ ಸೆತ್ತೆಂಬ್ರೆ' ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸೆಪ್ಟೆಂಬರ್ ಬೆಳಗು. ಮಂಜು ಮುಸುಕಿದ ಹೊಲದಲ್ಲಿ ಒಬ್ಬ ನಡೆಯುತ್ತಿದ್ದಾನೆ. ಸುತ್ತ ಇಬ್ಬನಿ, ಸೂರ್ಯ ಇನ್ನೂ ಕಾಣುತ್ತಿಲ್ಲ. ಗಿಟಾರ್ ಮೆಲ್ಲಗೆ ಹಿಂದಿನಿಂದ ಬರುತ್ತಿದೆ, ದನಿಯೂ ಮೆಲ್ಲಗಿದೆ. ಹಾಡು ಒಂದೊಂದೇ ಮೆಟ್ಟಿಲು ಏರುತ್ತದೆ. ಇನ್ನೇನು ಪಲ್ಲವಿ ಬಂತು, ಎಲ್ಲರೂ ಒಟ್ಟಿಗೆ ಹಾಡುವ ಸಾಲು ಬಂತು ಅನ್ನುವ ಹೊತ್ತಿಗೆ ಗಾಯಕ ಸುಮ್ಮನಾಗುತ್ತಾನೆ. ಆ ಜಾಗಕ್ಕೆ ಮೂಗ್ ಸಿಂಥಸೈಜರ್ ಬಂದು ದೊಡ್ಡದಾಗಿ ರಾಗ ಎತ್ತುತ್ತದೆ. ಪಲ್ಲವಿಗೆ ಮಾತೇ ಇಲ್ಲ. ಆದರೂ ಇಟಲಿಯಲ್ಲಿ ಜನ ಇವತ್ತಿಗೂ ಆ ವಾದ್ಯದ ಸಾಲನ್ನೇ ಗುನುಗುತ್ತಾರೆ. ಐದು ನಿಮಿಷ ಚಿಲ್ಲರೆ ಹಾಡು, ಪ್ರೋಗ್ ಲೆಕ್ಕದಲ್ಲಿ ಚಿಕ್ಕದೇ. ಹೊಸಬರು ಇಲ್ಲಿಂದ ಶುರುಮಾಡಿದರೆ ಒಳ್ಳೇದು. ಅದೇ ಆಲ್ಬಂನ 'ಎ ಫೆಸ್ತಾ' ಇದಕ್ಕೆ ಪೂರಾ ಉಲ್ಟಾ. ದಕ್ಷಿಣ ಇಟಲಿಯ ತಾರಾಂತೆಲ್ಲಾ ಕುಣಿತದ ವೇಗ ಅದರಲ್ಲಿದೆ.

ಮುಂದಿನ ವರ್ಷ ಇಂಗ್ಲೆಂಡಿನ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದವರು ತಮ್ಮ ಮಾಂಟಿಕೋರ್ ಕಂಪನಿಯಿಂದ ಪಿಎಫ್ಎಂ ಅನ್ನು ಹೊರದೇಶಕ್ಕೆ ಪರಿಚಯಿಸಿದರು. ಕಿಂಗ್ ಕ್ರಿಮ್ಸನ್‌ಗೆ ಸಾಹಿತ್ಯ ಬರೆಯುತ್ತಿದ್ದ ಪೀಟ್ ಸಿನ್‌ಫೀಲ್ಡ್ ಕೈಯಲ್ಲಿ ಇಂಗ್ಲಿಷ್ ಸಾಲು ಬರೆಸಿದರು. ಹೀಗೆ ಬಂದ 'ಫೋಟೋಸ್ ಆಫ್ ಗೋಸ್ಟ್ಸ್' ಅಮೆರಿಕದ ಪಟ್ಟಿಯೊಳಗೂ ಕಾಲಿಟ್ಟಿತು. ಇಟಲಿಯ ರಾಕ್ ತಂಡಕ್ಕೆ ಅದು ದೊಡ್ಡ ಮಾತು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ವಾದ್ಯ ಅವೇ, ರಾಗ ಅವೇ. ಇಂಗ್ಲಿಷಿನಲ್ಲಿ ಹಾಡುವಾಗ ಗಾಯಕ ಪದಗಳ ಮೇಲೆ ಹುಷಾರಾಗಿ ಕಾಲಿಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಇಟಾಲಿಯನ್‌ನಲ್ಲಿ ಬಹುತೇಕ ಪದ ಸ್ವರದಲ್ಲೇ ಮುಗಿಯುತ್ತದೆ, ಎಳೆದು ಹಾಡಿದರೆ ಚೆಂದ. ಆ ಎಳೆತಕ್ಕೆ ಕಟ್ಟಿದ ರಾಗದ ಮೇಲೆ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದ ತಂದು ಕೂರಿಸಿದರೆ ಅಲ್ಲಲ್ಲಿ ತಡವರಿಸುತ್ತದೆ. ಕನ್ನಡಕ್ಕೆ ಡಬ್ ಆದ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೆನಿಸ್ ಕಡೆಯ ಲೆ ಓರ್ಮೆ ತಂಡವೂ ಇದೇ ದಾರಿ ಹಿಡಿಯಿತು. ಎರಡು ಗ್ರಹಗಳ ಕಥೆ ಹೇಳುವ ಅವರ 1973ರ 'ಫೆಲೋನಾ ಎ ಸೊರೋನಾ'ಕ್ಕೆ ವ್ಯಾನ್ ಡರ್ ಗ್ರಾಫ್‌ನ ಪೀಟರ್ ಹ್ಯಾಮಿಲ್ ಇಂಗ್ಲಿಷ್ ಸಾಹಿತ್ಯ ಬರೆದ. ಬರೆದವನು ಸಾಮಾನ್ಯನಲ್ಲ. ಆದರೂ ನನಗೆ ಮೂಲವೇ ಸರಿ.

ರೋಮಿನ ಬಾಂಕೋ ದೆಲ್ ಮುತುವೋ ಸೊಕ್ಕೋರ್ಸೋ ನನ್ನ ಅಚ್ಚುಮೆಚ್ಚು. ವಿತ್ತೋರಿಯೋ ಮತ್ತು ಜಾನ್ನಿ ನೊಚೆಂಜಿ ಅನ್ನುವ ಅಣ್ಣತಮ್ಮ, ಇಬ್ಬರೂ ಕೀಬೋರ್ಡು. ಒಬ್ಬ ಪಿಯಾನೋದಲ್ಲಿದ್ದರೆ ಇನ್ನೊಬ್ಬ ಆರ್ಗನ್‌ನಲ್ಲಿ ಜಗಳಕ್ಕೆ ಬಿದ್ದವನ ಥರ ಉತ್ತರ ಕೊಡುತ್ತಾನೆ. ಮುಂದೆ ನಿಂತು ಹಾಡುವವನು ಫ್ರಾನ್ಚೆಸ್ಕೋ ದಿ ಜಾಕೊಮೊ. ದಢೂತಿ ಆಳು, ಉದ್ದ ಗಡ್ಡ, ಒಪೆರಾದವರಂಥ ಕಂಠ. ಅವರ ಮೊದಲ ಆಲ್ಬಂನ ಹೊದಿಕೆಯನ್ನು ದುಡ್ಡು ಕೂಡಿಡುವ ಮಣ್ಣಿನ ಹುಂಡಿಯ ಆಕಾರಕ್ಕೇ ಕತ್ತರಿಸಿದ್ದರು. 1972ರಲ್ಲೇ ಬಂದ ಎರಡನೇ ಆಲ್ಬಂ 'ಡಾರ್ವಿನ್!'. ಜೀವ ವಿಕಾಸವೇ ಕಥಾವಸ್ತು. ಅದರಲ್ಲೊಂದು ಹಾಡಿದೆ, ಏಳೂವರೆ ಲಕ್ಷ ವರ್ಷದ ಹಿಂದಿನ ಪ್ರೇಮ. ಇನ್ನೂ ಪೂರ್ತಿ ಮನುಷ್ಯನಾಗದ ಒಬ್ಬ ಒಬ್ಬಳನ್ನು ನೋಡುತ್ತಾನೆ. ಆಸೆ ಹುಟ್ಟಿದೆ. ಹೇಳೋಣ ಅಂದರೆ ಬಾಯಲ್ಲಿ ಭಾಷೆ ಇಲ್ಲ. ಪಿಯಾನೋ ಜತೆ ದಿ ಜಾಕೊಮೊ ಅದನ್ನು ಹಾಡುವುದು ಕೇಳಿ. ಇಟಾಲಿಯನ್ ಒಂದಕ್ಷರ ಬಾರದಿದ್ದರೂ ಗಂಟಲು ಕಟ್ಟುತ್ತದೆ.

ಇನ್ನೊಂದು ತುದಿಯಲ್ಲಿ ಆರೆಯಾ. ಇವರದು ನೇರ ಎಡಪಂಥ. ಗಾಯಕ ದಿಮೆಟ್ರಿಯೋ ಸ್ಟ್ರಾಟೋಸ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಗ್ರೀಕ್ ಮನೆಯಲ್ಲಿ ಹುಟ್ಟಿ ಇಟಲಿಗೆ ಬಂದವನು. ಒಂದೇ ಗಂಟಲಲ್ಲಿ ಒಂದೇ ಹೊತ್ತಿಗೆ ಎರಡೆರಡು ಸ್ವರ ಹೊರಡಿಸುತ್ತಿದ್ದ. ಪಡುವಾದಲ್ಲಿ ಸಂಶೋಧಕರು ಆ ದನಿಯ ಅಧ್ಯಯನವನ್ನೂ ಮಾಡಿದರು. 1973ರ ಅವರ ಮೊದಲ ಆಲ್ಬಂ ಒಬ್ಬ ಹೆಂಗಸು ಅರಬ್ಬಿಯಲ್ಲಿ ಆಡುವ ಮಾತಿನಿಂದ ಶುರುವಾಗುತ್ತದೆ. ಆಮೇಲೆ ಬಾಲ್ಕನ್ ಕುಣಿತದ ಒಂದು ರಾಗ ಮುಕ್ಕರಿಸಿ ಬರುತ್ತದೆ. ಕೀಬೋರ್ಡು, ಗಿಟಾರು, ಸ್ಯಾಕ್ಸು ಎಲ್ಲ ಒಂದೇ ಉಸಿರಲ್ಲಿ. 1979ರ ಜೂನ್‌ನಲ್ಲಿ ಸ್ಟ್ರಾಟೋಸ್ ರಕ್ತದ ಕಾಯಿಲೆಯಿಂದ ನ್ಯೂಯಾರ್ಕಿನಲ್ಲಿ ತೀರಿಕೊಂಡ. ವಯಸ್ಸು 34. ಅವನ ಚಿಕಿತ್ಸೆಗೆ ದುಡ್ಡು ಎತ್ತಲು ಮಿಲಾನಿನಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ಗೊತ್ತಾಗಿತ್ತು. ಅದು ನಡೆದಿದ್ದು ಅವನು ಸತ್ತ ಮರುದಿನ.

ಇಲ್ಲದ ಭಾಷೆ, ಇಲ್ಲದ ಗ್ರಹ

ಭಾಷೆಯ ಪ್ರಶ್ನೆಗೆ ಎಲ್ಲರಿಗಿಂತ ವಿಚಿತ್ರ ಉತ್ತರ ಕೊಟ್ಟವನು ಫ್ರಾನ್ಸಿನ ಕ್ರಿಶ್ಚಿಯನ್ ವಾಂಡೆರ್. 1969ರಲ್ಲಿ ಪ್ಯಾರಿಸ್ಸಿನಲ್ಲಿ ಮಾಗ್ಮಾ ತಂಡ ಕಟ್ಟಿದ. ಅವನೇ ಡ್ರಮ್ಮರ್. ಫ್ರೆಂಚೂ ಬೇಡ, ಇಂಗ್ಲಿಷೂ ಬೇಡ ಅಂತ ಕೊಬಾಯನ್ ಅನ್ನುವ ಭಾಷೆಯನ್ನೇ ಹುಟ್ಟಿಸಿದ. ಹಾಳಾದ ಭೂಮಿಯನ್ನು ಬಿಟ್ಟುಹೋದವರು ಕೊಬಾಯಾ ಅನ್ನುವ ಗ್ರಹದಲ್ಲಿ ನೆಲೆಸುತ್ತಾರೆ, ಅವರ ಭಾಷೆ ಇದು. ಕೇಳಿದರೆ ಜರ್ಮನ್ನೋ, ಯಾವುದೋ ಸ್ಲಾವಿಕ್ ನುಡಿಯೋ ಅನಿಸುತ್ತದೆ.

ಇದೇನು ಹುಚ್ಚಾಟ ಅನ್ನಬಹುದು. ನಾನೂ ಬೇಡ ಅನ್ನಲ್ಲ. ಆದರೆ 1973ರ 'ಮೆಕಾನಿಕ್ ಡೆಸ್ಟ್ರುಕ್ಟಿವ್ ಕೊಮ್ಮಾಂಡೋ' ಕೇಳಿದರೆ ಅದರ ತರ್ಕ ತಿಳಿಯುತ್ತದೆ. ಸುಮಾರು ನಲವತ್ತು ನಿಮಿಷ, ಒಂದೇ ಹರಿವು. ಗಂಡು ಹೆಣ್ಣು ದನಿಗಳ ಮೇಳ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾ ಪ್ರತಿ ಸಲ ಒಂದಿಷ್ಟು ಬಿಸಿ ಏರಿಸುತ್ತದೆ. ಅದರಡಿ ಬೇಸ್ ಗಿಟಾರ್ ಗುಡುಗುತ್ತದೆ. ಅರ್ಥ ಹುಡುಕುವ ಕೆಲಸವೇ ಇಲ್ಲದ ಕಾರಣ ಕಿವಿ ಬರೀ ದನಿಗೆ ಅಂಟಿಕೊಳ್ಳುತ್ತದೆ. ವಾಂಡೆರ್‌ಗೆ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅಂದರೆ ದೇವರು. ಆ ಜಾಝ್ ಭಕ್ತಿ, ಯುರೋಪಿನ ವೃಂದಗಾನ ಎರಡೂ ಇಲ್ಲಿ ಕೂಡಿವೆ. ಈ ಬಗೆಗೆ 'ಝೊಯ್ಲ್' ಅಂತ ಹೆಸರೂ ಬಿತ್ತು, ಜಪಾನಿನಲ್ಲಿ ಅದನ್ನು ಮುಂದುವರಿಸಿದ ತಂಡಗಳೂ ಬಂದವು. ಒಂದು ಎಚ್ಚರಿಕೆ: ಮನೆಮಂದಿ ಇರುವಾಗ ಜೋರಾಗಿ ಹಾಕಬೇಡಿ.

ಜರ್ಮನಿಯದು ಬೇರೆಯೇ ದಾರಿ. ಬ್ರಿಟಿಷ್ ಪತ್ರಿಕೆಗಳು ಅದಕ್ಕೆ ಕ್ರೌಟ್‌ರಾಕ್ ಅಂತ ಅಡ್ಡಹೆಸರಿಟ್ಟವು. ನಿಜ ಹೇಳಬೇಕಂದರೆ ಪ್ರೋಗ್ ಜತೆ ಇದನ್ನು ಸೇರಿಸುವುದೇ ತಕರಾರಿನ ವಿಷಯ. ಇಟಲಿಯವರು ಸೇರಿಸುತ್ತಾ ಹೋದರೆ ಇವರು ಕಳೆಯುತ್ತಾ ಹೋದರು. ಕಲೋನ್ ನಗರದ ಕ್ಯಾನ್ ತಂಡದ ಇಬ್ಬರು, ಹೋಲ್ಗರ್ ಚುಕಾಯ್ ಮತ್ತು ಇರ್ಮಿನ್ ಶ್ಮಿಟ್, ಆಧುನಿಕ ಸಂಗೀತದ ದೊಡ್ಡ ರಚನೆಕಾರ ಸ್ಟಾಕ್‌ಹೌಸನ್ ಹತ್ತಿರ ಕಲಿತವರು. ಅಷ್ಟೆಲ್ಲ ಕಲಿತು ಮಾಡಿದ್ದೇನು? ಒಂದೇ ಡ್ರಮ್ ಲಯ, ಬೇಕಾದರೆ ಹದಿನೆಂಟು ನಿಮಿಷ. 1971ರ 'ಟಾಗೋ ಮಾಗೋ' ಕೇಳಿ. ಹಾಡುವವನು ಡಾಮೊ ಸುಜುಕಿ, ಮ್ಯೂನಿಕ್‌ನ ಬೀದಿಯಲ್ಲಿ ಹಾಡಿಕೊಂಡಿದ್ದ ಜಪಾನಿ ಹುಡುಗ. ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ಇನ್ನೂ ಮುಂದೆ ಹೋಗಿ ಡ್ರಮ್ಸನ್ನೇ ಬಿಟ್ಟುಬಿಟ್ಟಿತು.

ಸೆನ್ಸಾರ್ ಕಣ್ಣಿನ ಕೆಳಗೆ

ಪೂರ್ವ ಯುರೋಪಿನಲ್ಲಿ ಲೆಕ್ಕಾಚಾರವೇ ಬೇರೆ. ರೆಕಾರ್ಡು ಕಂಪನಿ ಸರ್ಕಾರದ್ದು, ರೇಡಿಯೋ ಸರ್ಕಾರದ್ದು, ವೇದಿಕೆ ಹತ್ತಬೇಕಾದರೆ ಪರವಾನಗಿ ಬೇಕು. ಹಂಗೇರಿಯಲ್ಲಿ ಕಲೆಯನ್ನು ಮೂರು ಬುಟ್ಟಿಗೆ ಹಾಕುತ್ತಿದ್ದರು: ಬೆಂಬಲಿಸುವುದು, ಸಹಿಸುವುದು, ನಿಷೇಧಿಸುವುದು. ರಾಕ್ ತಂಡಗಳ ಆಸೆ ಎರಡನೇ ಬುಟ್ಟಿಯಿಂದ ಕೆಳಗೆ ಬೀಳದಿದ್ದರೆ ಸಾಕು ಅನ್ನುವುದು.

ಇಲ್ಲಿ ಪ್ರೋಗ್‌ನ ಗುಣಗಳೇ ಗುರಾಣಿಯಾದವು ಅಂತ ನನಗನಿಸುತ್ತದೆ. ಮಾತೇ ಇಲ್ಲದ ಇಪ್ಪತ್ತು ನಿಮಿಷದ ಸಂಗೀತದಲ್ಲಿ ಸೆನ್ಸಾರ್‌ನವನು ಏನನ್ನು ಕತ್ತರಿಸುತ್ತಾನೆ? ಸೋವಿಯತ್ ಟ್ಯಾಂಕುಗಳು 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ ಮೇಲೆ ಅಲ್ಲಿ ಬಂದ ದೊಡ್ಡ ಆಲ್ಬಂಗಳಲ್ಲಿ ಒಂದು ಬ್ರಾಟಿಸ್ಲಾವಾದ ಕೊಲ್ಲೇಗಿಯುಂ ಮುಸಿಕುಂ ತಂಡದ 1971ರ 'ಕೊನ್ವೆರ್ಗೆನ್ಸಿಯೆ'. ಎರಡು ಎಲ್‌ಪಿ, ನಾಲ್ಕು ಬದಿ, ಬದಿಗೊಂದು ರಚನೆ. ಮಾರಿಯನ್ ವಾರ್ಗಾ ಅನ್ನುವ ಆರ್ಗನ್ ವಾದಕ ರಿಮ್‌ಸ್ಕಿ-ಕೊರ್ಸಕೋವ್‌ನ ರಾಗ ಎತ್ತಿಕೊಂಡು ಹಿಗ್ಗಾಮುಗ್ಗಾ ಎಳೆಯುತ್ತಾನೆ. ಆ ಮೂಲ ರಷ್ಯಾದವನದೇ, ಯಾರು ಬೇಡ ಅಂತಾರೆ?

ಪೋಲೆಂಡಿನ ಚೆಸ್ವಾಫ್ ನಿಯೆಮೆನ್ ಮಾತು ಬಿಡಲಿಲ್ಲ, ಆದರೆ ಮಾತನ್ನು ಹತ್ತೊಂಬತ್ತನೇ ಶತಮಾನದಿಂದ ತಂದ. ಕವಿ ನೊರ್ವಿದ್ ಬರೆದ, ಜನರಲ್ ಬೆಮ್‌ನ ಶವಯಾತ್ರೆಯ ಕವಿತೆ. 1970ರ 'ಎನಿಗ್ಮ್ಯಾಟಿಕ್' ಆಲ್ಬಂನಲ್ಲಿ ಅದು 16 ನಿಮಿಷ. ಚರ್ಚಿನ ಗಾಯನದಂಥ ಮೇಳ, ಹ್ಯಾಮಂಡ್ ಆರ್ಗನ್, ಅದರ ಮೇಲೆ ನಿಯೆಮೆನ್‌ನ ಸೀಳುದನಿ. ಶಾಲೆಯ ಪಠ್ಯದಂಥ ಕವಿತೆಗೆ ಇಷ್ಟು ರೋಷ ಬರಿಸಬಹುದು ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ.

ರುಮೇನಿಯಾದ ಫೀನಿಕ್ಸ್ ತಂಡದ ಕಥೆ ಮಾತ್ರ ಸಿನಿಮಾಕ್ಕೆ ಹೇಳಿಮಾಡಿಸಿದ್ದು. ತಿಮಿಶ್ವಾರಾ ಊರಿನವರು, ಮೊದಮೊದಲು ಬೀಟಲ್ಸ್ ಥರ ಹಾಡುತ್ತಿದ್ದರು. 1971ರಲ್ಲಿ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ನಾಯಕ ಚೌಶೆಸ್ಕು ಚೀನಾ, ಉತ್ತರ ಕೊರಿಯಾ ನೋಡಿಕೊಂಡು ಬಂದ. ಬಂದವನೇ ಸಂಸ್ಕೃತಿಯ ಮೇಲೆ ಬಿಗಿ ಹಾಕಿದ. ಪಶ್ಚಿಮದ ಗಾಳಿ ಬೇಡ, ನಮ್ಮ ನೆಲದ್ದು ಬೇಕು. ಫೀನಿಕ್ಸ್ ಹುಡುಗರು ಸರಿ ಸ್ವಾಮಿ ಅಂದರು. ನೆಲದ್ದು ಅಂದರೆ ಎಷ್ಟು ಹಳೇದು? ಕ್ರೈಸ್ತ ಧರ್ಮಕ್ಕೂ ಹಿಂದಿನ ಆಚರಣೆ, ಮಾಟಮಂತ್ರ, ಕಾಡಿನ ಹಾಡು ಹೆಕ್ಕಿ ತಂದು ರಾಕ್ ಮಾಡಿದರು. 1972ರಲ್ಲಿ ಮೊದಲ ಆಲ್ಬಂ. 1975ರ 'ಕಾಂಟಾಫಬುಲೆ' ಎರಡು ಎಲ್‌ಪಿಯ ದೊಡ್ಡ ಕೆಲಸ, ಪುರಾಣದ ವಿಚಿತ್ರ ಮೃಗಗಳ ಮೆರವಣಿಗೆ. ಒಂದೊಂದು ಹಾಡಿಗೆ ಒಂದೊಂದು ಪ್ರಾಣಿ. ಮೇಲಿನಿಂದ ಹೇಳಿದಂತೆಯೇ ಜಾನಪದ, ಒಳಗೆ ಗಿಟಾರ್ ಅಬ್ಬರ.

ಅಷ್ಟಾದರೂ ಉಸಿರುಕಟ್ಟಿತು. ತಂಡದ ನಾಯಕ ನಿಕೋಲಾಯೆ ಕೊವಾಚ್ ಮೊದಲು ದೇಶ ಬಿಟ್ಟ. 1977ರಲ್ಲಿ ವಾಪಸ್ಸು ಬಂದು ಗೆಳೆಯರನ್ನು ಮಾರ್ಷಲ್ ಸ್ಪೀಕರ್ ಪೆಟ್ಟಿಗೆಗಳೊಳಗೆ ಅಡಗಿಸಿಕೊಂಡು ಗಡಿ ದಾಟಿಸಿದ. ಸ್ಪೀಕರ್ ಕಳಚಿ ತೆಗೆದು ಆ ಜಾಗಕ್ಕೆ ಮನುಷ್ಯ. ಮಿರ್ಚಾ ಬಾನಿಚು ಅನ್ನುವ ಗಾಯಕ ಮಾತ್ರ ಊರಲ್ಲೇ ಉಳಿದ.

ಪ್ರಾಗ್ ನಗರದ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ಅನ್ನೂ ಇಲ್ಲಿ ಹೇಳಲೇಬೇಕು, ಸಂಗೀತದ ದೃಷ್ಟಿಯಿಂದ ಅವರು ಪ್ರೋಗ್‌ನ ಬೇಲಿಯ ಮೇಲೆ ಕೂತವರಾದರೂ. ಪರವಾನಗಿ ಕಿತ್ತುಕೊಂಡ ಮೇಲೆ ಹಳ್ಳಿಮನೆ, ಮದುವೆ ಅಂತ ಕದ್ದುಮುಚ್ಚಿ ನುಡಿಸುತ್ತಿದ್ದರು. 1976ರಲ್ಲಿ ಅವರನ್ನೂ ಗೆಳೆಯರನ್ನೂ ಹಿಡಿದು ಕೆಲವರನ್ನು ಜೈಲಿಗೆ ಹಾಕಿದರು. ಇದನ್ನು ವಿರೋಧಿಸಲು ಒಟ್ಟಾದವರಲ್ಲಿ ನಾಟಕಕಾರ ವಾಕ್ಲಾವ್ ಹಾವೆಲ್ ಒಬ್ಬ. 1977ರ ಜನವರಿಯಲ್ಲಿ ಬಂದ ಚಾರ್ಟರ್ 77 ಮಾನವ ಹಕ್ಕುಗಳ ಹೇಳಿಕೆಗೆ ಈ ಮೊಕದ್ದಮೆಯೇ ಕಿಡಿ. ಹಾವೆಲ್ ಮುಂದೆ ದೇಶದ ಅಧ್ಯಕ್ಷನಾದ.

ಏಳು ಮತ್ತೆ ಸಿಕ್ಕಿತು

ತಾಳದ ಮಾತಿಗೆ ಮತ್ತೆ ಬರಬೇಕು, ಯಾಕಂದರೆ ಬಾಲ್ಕನ್ ನಾಡಿನಲ್ಲಿ ಅದಕ್ಕೊಂದು ತಮಾಷೆ ಇದೆ. ಇಂಗ್ಲೆಂಡಿನ ತಂಡ ಏಳರಲ್ಲಿ ನುಡಿಸಿದರೆ ಅದು ಬುದ್ಧಿವಂತಿಕೆ. ಮ್ಯಾಸಿಡೋನಿಯಾದಲ್ಲಿ ಏಳು ಅಂದರೆ ಮದುವೆ ಮನೆಯ ಕುಣಿತ. 'ಲೆಸ್ನೊತೊ' ಅನ್ನುವ ಆ ಕುಣಿತದ ವಿಭಾಗ ಮೂರು, ಎರಡು, ಎರಡು. ನಮ್ಮ ತಕಿಟ ತಕ ಧಿಮಿ, ಅದೇ ಮಿಶ್ರ ಛಾಪು! ಅಲ್ಲಿ ಅಜ್ಜಿಯರೂ ಕೈಕೈ ಹಿಡಿದು ಹೆಜ್ಜೆ ತಪ್ಪದೆ ಕುಣಿಯುತ್ತಾರೆ. ಸ್ಕೋಪ್ಯೆ ನಗರದ ಲೆಬ್ ಇ ಸೋಲ್ ತಂಡ 1978ರಲ್ಲಿ ಮೊದಲ ಆಲ್ಬಂ ತಂದಾಗ ಅದರ ಗಿಟಾರ್ ವಾದಕ ವ್ಲಾಟ್ಕೊ ಸ್ಟೆಫಾನೊವ್ಸ್ಕಿಗೆ ಏಳರ ಲೆಕ್ಕ ಇಂಗ್ಲಿಷ್ ರೆಕಾರ್ಡಿನಿಂದ ಕಲಿಯಬೇಕಾಗಿರಲಿಲ್ಲ. ಅದಕ್ಕೇ ಅವನ ಬೆರಳಲ್ಲಿ ಲೆಕ್ಕ ಕಾಣಿಸುವುದಿಲ್ಲ, ಕುಣಿತ ಕಾಣಿಸುತ್ತದೆ.

ಸ್ಪೇನಿನ ಸೆವಿಲ್ಯಾದ ತ್ರಿಯಾನಾ ತಂಡಕ್ಕೆ ಈ ಕೆಲಸವನ್ನು ದಕ್ಷಿಣ ಸ್ಪೇನಿನ ಹಾಡು-ಕುಣಿತವಾದ ಫ್ಲಮೆಂಕೊ ಮಾಡಿಕೊಟ್ಟಿತು. ಅವರ 'ಎಲ್ ಪಾತಿಯೋ' ಬಂದಿದ್ದು 1975ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಸತ್ತ ವರ್ಷ. ಕೀಬೋರ್ಡಿನ ಮಂಜಿನ ಮೇಲೆ ಫ್ಲಮೆಂಕೊದವರ ಅಳುವಂಥ ಎಳೆತ. ಗ್ರೀಸಿನ ಆಫ್ರೊಡೈಟೀಸ್ ಚೈಲ್ಡ್ 1972ರ '666'ರಲ್ಲಿ ಬೈಬಲ್ಲಿನ ಕೊನೆಯ ಪುಸ್ತಕವನ್ನೇ ಎರಡು ಎಲ್‌ಪಿ ಮಾಡಿತು. ಅದರ ಹಿಂದಿದ್ದ ವಾಂಗೆಲಿಸ್ ಮುಂದೆ ಸಿನಿಮಾ ಸಂಗೀತಕ್ಕೆ ಹೆಸರಾದ. ನೆದರ್ಲೆಂಡ್ಸ್‌ನ ಫೋಕಸ್ ತಂಡದ 'ಹೋಕಸ್ ಪೋಕಸ್' ಅಮೆರಿಕದ ಟಾಪ್ ಟೆನ್ ಮುಟ್ಟಿತು, ಅದರಲ್ಲಿ ಪದಗಳೇ ಇಲ್ಲ, ಆಲ್ಪ್ಸ್ ಬೆಟ್ಟದವರ ಥರ ಕೂಗು, ಸಿಳ್ಳೆ, ಕೊಳಲು, ಮತ್ತೆ ಬೆಂಕಿಯಂಥ ಗಿಟಾರ್. ಕೇಳಿ ನಗಬೇಕಾದರೆ ಅದನ್ನೇ ಹಾಕಿ.

ಆಮೇಲೆ ಏನಾಯಿತು

1976-77ರ ಹೊತ್ತಿಗೆ ಪಂಕ್ ಅನ್ನುವ ಚಿಕ್ಕ, ಒರಟು, ಸರಳ ರಾಕ್ ಬಂತು, ಪ್ರೋಗ್ ಸತ್ತಿತು ಅಂತ ಎಲ್ಲ ಕಡೆ ಬರೆದಿರುತ್ತದೆ. ಇಂಗ್ಲೆಂಡಿನ ಮಟ್ಟಿಗೂ ಅದು ಅರ್ಧ ಸತ್ಯ. ಪಿಂಕ್ ಫ್ಲಾಯ್ಡ್‌ನ 'ದ ವಾಲ್' ಬಂದಿದ್ದೇ 1979ರಲ್ಲಿ. ದುಡ್ಡು ಹಾಕುವ ಕಂಪನಿಗಳು ಹಿಂದೆ ಸರಿದಿದ್ದಂತೂ ಹೌದು. ಸಿಟ್ಟಿಗೆದ್ದ ಐದು ತಂಡಗಳು 1978ರ ಮಾರ್ಚ್ 12ರಂದು ಲಂಡನ್ನಿನಲ್ಲಿ ಒಟ್ಟಿಗೆ ನುಡಿಸಿದವು. ಇಂಗ್ಲೆಂಡಿನ ಹೆನ್ರಿ ಕೌ, ಇಟಲಿಯ ಸ್ಟಾರ್ಮಿ ಸಿಕ್ಸ್, ಸ್ವೀಡನ್ನಿನ ಸಾಮ್ಲಾ ಮಾಮ್ಮಾಸ್ ಮಾನ್ನಾ, ಬೆಲ್ಜಿಯಂನ ಯೂನಿವರ್ಸ್ ಝೀರೊ, ಫ್ರಾನ್ಸಿನ ಎತ್ರೋಂ ಫೂ ಲಲುಬ್ಲಾಂ. ಹೆಸರಿಟ್ಟಿದ್ದು ರಾಕ್ ಇನ್ ಆಪೊಸಿಷನ್. ನೀವು ಕೇಳಬಾರದು ಅಂತ ರೆಕಾರ್ಡ್ ಕಂಪನಿಗಳು ಬಯಸುವ ಸಂಗೀತ ಅನ್ನುವುದೇ ಅವರ ಘೋಷಣೆ. ಈ ಗುಂಪಿನ ಸಂಗೀತ ಎಲ್ಲರಿಗೂ ಆಗಿಬರುವುದಿಲ್ಲ. ಯೂನಿವರ್ಸ್ ಝೀರೊ ಬಸೂನ್, ಹಾರ್ಮೋನಿಯಂ ಇಟ್ಟುಕೊಂಡು ಮಾಡುವ ಸಂಗೀತವನ್ನು ರಾತ್ರಿ ಒಬ್ಬರೇ ಕೇಳುವುದು ಸ್ವಲ್ಪ ಧೈರ್ಯದ ಕೆಲಸವೇ.

ಮೆಲೊಟ್ರಾನ್ ಮತ್ತೆ ಎದ್ದು ಬಂದಿದ್ದು ಸ್ವೀಡನ್ನಿನಲ್ಲಿ. 1992ರಲ್ಲಿ ಎಂಗ್ಲಗೋರ್ಡ್ ತಂಡದ 'ಹೈಬ್ರಿಸ್', ಮರುವರ್ಷ ಅನೆಕ್ಡೋಟೆನ್‌ನ 'ವೇಮೂದ್'. ಮೂಲೆಗೆ ಬಿದ್ದಿದ್ದ ಹಳೇ ಯಂತ್ರಗಳನ್ನು ಹುಡುಕಿ ತಂದು ನುಡಿಸಿದರು. ಎಂಗ್ಲಗೋರ್ಡ್ ಹಾಡಿದ್ದು ಸ್ವೀಡಿಶ್‌ನಲ್ಲಿ. ಇವತ್ತು ಪೋಲೆಂಡಿನ ರಿವರ್‌ಸೈಡ್, ನಾರ್ವೆಯ ವೊಬ್ಲರ್ ಅಂತ ತಂಡಗಳ ಸಾಲೇ ಇದೆ.

ಎಲ್ಲಿಂದ ಶುರುಮಾಡಬೇಕು ಅಂದರೆ ಪಿಎಫ್ಎಂನ ಮೊದಲ ಆಲ್ಬಂ, ಆಮೇಲೆ ತ್ರಿಯಾನಾ, ಆಮೇಲೆ ಬಾಂಕೋ. ಈ ಮೂರರಲ್ಲಿ ರಾಗ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಫೀನಿಕ್ಸ್, ನಿಯೆಮೆನ್ ಅದಾದ ಮೇಲೆ. ಮಾಗ್ಮಾ, ಆರೆಯಾ ಕೊನೆಗೆ ಇಟ್ಟುಕೊಳ್ಳಿ. ಮೊದಲ ಸಲ ಸಾಹಿತ್ಯದ ಅರ್ಥ ಹುಡುಕಬೇಡಿ, ಎರಡನೇ ಸಲಕ್ಕೆ ನೋಡಿಕೊಂಡರೆ ಸಾಕು. ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡುವ ಸಂಗೀತವೂ ಇದಲ್ಲ. ಒಂದು ಬದಿ, ಇಪ್ಪತ್ತು ನಿಮಿಷ, ಅಷ್ಟು ಹೊತ್ತು ಕೂತರೆ ಆಯಿತು.

ಮೆಟಲ್ ಕಡೆಯಿಂದ ಬರುವವರಿಗೆ ಸ್ವೀಡನ್ನಿನ ಓಪೆತ್ ಒಳ್ಳೇ ಬಾಗಿಲು. 2012ರಲ್ಲಿ ಬೆಂಗಳೂರಿಗೂ ಬಂದಿದ್ದ ತಂಡ ಇದು. ಕೂಗಾಟದ ಮೆಟಲ್‌ನಿಂದ ಶುರುಮಾಡಿ ಮೆಲ್ಲಗೆ 1970ರ ಪ್ರೋಗ್ ಕಡೆ ವಾಲಿದವರು. 2014ರ ಆಲ್ಬಂನಲ್ಲಿ ಇಟಲಿಯ ಗಾಬ್ಲಿನ್ ತಂಡಕ್ಕೆ ನಮಸ್ಕಾರ ಹೇಳುವ ಒಂದು ರಚನೆಗೆ ಅದೇ ಹೆಸರಿಟ್ಟರು. ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಹಾಡಿದ್ದ ಈ ತಂಡ 2019ರಲ್ಲಿ 'ಇನ್ ಕೌಡಾ ವೆನೇನುಂ' ಆಲ್ಬಂ ಅನ್ನು ಮೊದಲು ಸ್ವೀಡಿಶ್‌ನಲ್ಲಿ ಬರೆಯಿತು, ಆಮೇಲೆ ಇಂಗ್ಲಿಷಿಗೆ ತಂದಿತು. ಪಿಎಫ್ಎಂ 1973ರಲ್ಲಿ ಮಾಡಿದಂತೆಯೇ ಎರಡು ಭಾಷೆ. ಆದರೆ ಈ ಸಲ ಎರಡೂ ಒಂದೇ ದಿನ ಬಿಡುಗಡೆಯಾದವು, ಕೇಳುಗರೇ ಆರಿಸಿಕೊಳ್ಳಲಿ ಅಂತ. ಸ್ವೀಡಿಶ್ ಬಾರದಿದ್ದರೂ ಪರವಾಗಿಲ್ಲ, ಮೊದಲು ಅದನ್ನೇ ಹಾಕಿ.